ಎರಡರ ನೆರಳು

ಇಂಗ್ಲಿಷಿನ ‘ಡೌಟ್’ ಎಂಬ ಪದದ ನಡುವೆ ‘ಬಿ’ ಅಕ್ಷರವು ಏಕೆ ಮೂಕವಾಗಿ ಕುಳಿತಿದೆಯೆಂದು ನನಗೆ ಬಹುದಿನ ಸೋಜಿಗವಾಗಿತ್ತು. 13ನೆಯ ಶತಮಾನದ ಸುಮಾರಿಗೆ ಫ್ರೆಂಚಿನಿಂದ ಬಂದಾಗ ಅದರಲ್ಲಿ ಈ ಅಕ್ಷರವಿರಲಿಲ್ಲ. ಲ್ಯಾಟಿನ್ನಿನ ‘ದುಬಿತಾರೆ’ಯ ನೆನಪಿಗೆಂದು ಪಂಡಿತರು ಅನಂತರ ಸೇರಿಸಿದರು. ಅದರ ಬೇರು ‘ದುಓ’, ಎಂದರೆ ಎರಡು. ಸಂಸ್ಕೃತದ ‘ದ್ವಿ’ಗೆ ಒಡಹುಟ್ಟು. ಸಂದೇಹವೆಂದರೆ ಮನಸ್ಸು ಎರಡಾಗುವುದು! ‘ಟ್ವಿನ್’, ‘ಟ್ವೈಸ್’ಗಳಲ್ಲಷ್ಟೇ ಅಲ್ಲ, ಮುಸ್ಸಂಜೆಯ ‘ಟ್ವೈಲೈಟ್’, ನಡುವಿನ ‘ಬಿಟ್ವೀನ್’ಗಳಲ್ಲಿಯೂ ಎರಡು ಅಡಗಿದೆ. ‘ಡಿಪ್ಲೊಮಾ’ ಎಂದರೂ ಗ್ರೀಕರಿಗೆ ಎರಡಾಗಿ ಮಡಿಸಿದ ಪತ್ರ.

ರಜೆಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದ ಅವಳು ಹಿಟ್ಟು ತೊಳಸುತ್ತಲೇ, “ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಾವೂ ಅಂತೀವಲ್ಲ ಮಗಾ” ಎಂದಳು.

ನಾನು ಸುಮ್ಮನಾದೆ. ಅಲ್ಲಿ ಎರಡೆಂದರೆ ಸಂದೇಹ, ಇಲ್ಲಿ ದ್ರೋಹ. ಹಿಂದಿನ ವರ್ಷ ಅವಳು ಕಾಲೇಜಿಗೆ ಬಂದಾಗ, ಗೆಳೆಯರೆದುರು ಅವಳೊಡನೆ ನಮ್ಮೂರ ಮಾತಾಡಲು ನಾಚಿ, ಬೇಗನೆ ಬಸ್ಸು ಹತ್ತಿಸಿದ್ದೆ. ಅವಳಿಗೆ ಅದು ತಿಳಿದಿತ್ತೋ ಏನೋ, ಕೇಳಲಿಲ್ಲ.

ಪದವಿಪತ್ರ ಬಂದ ದಿನ ಅದನ್ನು ಅವ್ವನ ಕೈಗಿಟ್ಟು, ಅದರಲ್ಲೇನಿದೆಯೆಂದು ಎಲ್ಲರೆದುರು ಅವಳ ಮಾತಿನಲ್ಲಿಯೇ ಹೇಳಬೇಕೆಂದಿದ್ದೇನೆ.