ಬಚ್ಚಲ ಗೋಡೆಯ ಲೆಕ್ಕ

ನಮ್ಮ ಜಿಡಗಾದ ಹಳೇ ಮನೆಗಳಲ್ಲಿ ಬಚ್ಚಲಕ್ಕೆ ಟೈಲ್ಸ್ ಅನ್ನೋದು ಇರಲಿಲ್ಲ. ಕೆಳಗೆ ಶಹಾಬಾದ್ ಫರಸಿ, ಮೂಲೆಯಲ್ಲಿ ಹಂಡೆ, ಕುಂತು ಜಳಕ ಮಾಡಾಕ ಒಂದು ಕಲ್ಲು. ಗೋಡೆ ಮಾತ್ರ ನೀರು ಕುಡಿದು ಕುಡಿದು ಉದುರುತ್ತಿತ್ತು. ಈ ಬೇಸಿಗೆಯಲ್ಲಿ ನಾವು ಜಳಕದ ಕಲ್ಲಿನ ಹಿಂದಿನ ಗೋಡೆಗಾದರೂ ಟೈಲ್ಸ್ ಹಾಕಿಸೋಣ ಅಂತ ಕೂತೆವು. ದುಡ್ಡು ಆ ಒಂದು ಗೋಡೆಗಷ್ಟೇ ಇತ್ತು.

ಎಷ್ಟು ಎತ್ತರ? ಅಂಗಡಿಯ ಪುಸ್ತಕದಲ್ಲಿ ಎಲ್ಲಾ ಚಿತ್ರವೂ ಮಾಳಿಗೆ ಮುಟ್ಟುವವರೆಗೆ. ಅದು ನಿಂತು ಶವರ್ ಕೆಳಗೆ ಜಳಕ ಮಾಡೋರ ಲೆಕ್ಕ. ನಾವು ಕುಂತು ತಂಬಿಗೆಯಿಂದ ಸುರಿದುಕೊಳ್ಳುವವರು. ನೀರು ಸಿಡಿದ ಗುರುತು ನೋಡಿದರೆ ಮೂರೂವರೆ ಅಡಿ ದಾಟಿರಲಿಲ್ಲ. ನಾಲ್ಕು ಅಡಿ ಸಾಕು ಅಂತಾಯಿತು.

ಗೋಡೆಯ ಅಗಲ 58 ಇಂಚು. ಟೈಲ್ಸು 18 ಇಂಚು ಅಗಲ, 12 ಇಂಚು ಎತ್ತರ, ಡಬ್ಬಿಗೆ 6. ಅಂದರೆ ಸಾಲಿಗೆ ಮೂರು ಪೂರಾ ಕುಂತು 4 ಇಂಚು ಉಳಿಯುತ್ತದೆ. ಗೌಂಡಿ ಕಾಕಾ ಒಪ್ಪಲಿಲ್ಲ. "ನಡುವ ಎರಡು ಪೂರಾ ಇಡ್ರಿ, ಎರಡೂ ಬಾಜೂಕ 11 ಇಂಚಿನ ತುಂಡು ಬರ್ತಾವ. ನೋಡಾಕ ಚಂದ" ಅಂದರು. ಅವರ ಮಾತು ಖರೆ, ಎರಡೂ ಕಡೆ ಸಮ ಬಂದರೆ ಗೋಡೆ ನೆಟ್ಟಗೆ ಕಾಣುತ್ತದೆ, ಸಣ್ಣ ಪಟ್ಟಿ ಕೊಯ್ಯುವಾಗ ಒಡೆಯುವ ಕಾಟವೂ ಇಲ್ಲ. ಆದರೆ 18ರ ಟೈಲ್ಸಿನಲ್ಲಿ 11ರ ತುಂಡು ಒಂದೇ ಸಿಗುತ್ತದೆ, ಉಳಿದ 7 ಇಂಚು ಕಸ. ನಾಲ್ಕು ಸಾಲಿಗೆ 16 ಬೇಕು. ನಮ್ಮ ಲೆಕ್ಕದಲ್ಲಿ 12 ಪೂರಾ, ಪಟ್ಟಿಗೆ ಒಂದೇ ಟೈಲ್ಸು, ಒಟ್ಟು 13. ಹೇಗೆ ಹಾಕಿದರೂ ಮೂರು ಡಬ್ಬಿ ತರಲೇಬೇಕು. ಒಂದರಲ್ಲಿ ಎರಡು ಉಳಿಯುತ್ತವೆ, ಇನ್ನೊಂದರಲ್ಲಿ ಐದು.

ಉಳಿದವು ನಮ್ಮಲ್ಲಿ ಕಸವಲ್ಲ. ಕರಿ ಮಣ್ಣಿನ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಜೊತೆಗೆ ಗೋಡೆಯೂ. ಎರಡು ವರ್ಷದ ಮೇಲೆ ಅದೇ ಡಿಸೈನ್ ಕೇಳಿದರೆ ಯಾವ ಅಂಗಡಿಯಲ್ಲಿ ಸಿಕ್ಕೀತು?

ಅವ್ವ ಒಂದೇ ಮಾತಲ್ಲಿ ಮುಗಿಸಿದಳು: "4 ಇಂಚಿಂದು ಹಂಡೆ ಕಡೆ ಹೋಗ್ಲಿ ಕಾಕಾ. ಹಂಡೆ ಹಿಂದ ಯಾರ್ ನೋಡ್ತಾರ?" ಕಾಕಾ ನಕ್ಕು ಕಟಿಂಗ್ ಮಶಿನ್ ತರಿಸಿದರು.

ಇನ್ನೊಂದು ವಿಷಯ ಚಂದಕ್ಕಿಂತ ದೊಡ್ಡದಿತ್ತು. ಹೋದ ಮಳೆಗಾಲದಲ್ಲಿ ಆಯಿ ಜಳಕದ ಕಲ್ಲಿನಿಂದ ಏಳುವಾಗ ಜಾರಿದ್ದಳು. ಎಲುಬು ಮುರಿಯಲಿಲ್ಲ, ಆದರೆ ಅಂದಿನಿಂದ ಬಚ್ಚಲಕ್ಕೆ ಹೋಗಾಕ ಅಂಜುತ್ತಿದ್ದಳು. ಒಬ್ಬರು ಹೊರಗೆ ನಿಲ್ಲಬೇಕು, ಅದು ಆಕೆಗೆ ನಾಚಿಕೆ. ಅದಕ್ಕೇ ಸ್ಟೀಲಿನ ಹಿಡಿಕೆ ಬೇಕಿತ್ತು. ಬರೀ ಟೈಲ್ಸಿಗೆ ಸ್ಕ್ರೂ ಹೊಡೆದರೆ ಅದು ಮೈಭಾರ ತಡೆಯೋದಿಲ್ಲ. ನಮ್ಮದು ಕಲ್ಲು ಮಣ್ಣಿನ ಗೋಡೆ. ಪ್ಲಾಸ್ಟರಿಗೆ ಮೊದಲೇ ಎರಡು ಕಡೆ ಮಣ್ಣು ಕೆತ್ತಿಸಿ ಕಾಂಕ್ರೀಟ್ ತುಂಬಿಸಿದೆವು. ಆಯಿಯನ್ನು ಕಲ್ಲಿನ ಮೇಲೆ ಕೂಡಿಸಿ, "ಏಳುವಾಗ ಕೈ ಎಲ್ಲಿ ಹೋಗ್ತದ ಆಯಿ?" ಅಂತ ಕೇಳಿ ಸುಣ್ಣದಿಂದ ಗುರುತು ಹಾಕಿದ್ದು: ನೆಲದಿಂದ ಎರಡೂವರೆ ಅಡಿ. ಅದು ಮೂರನೇ ಸಾಲಿನ ನಡುವೆ ಬರುತ್ತದೆ. ಹಿಡಿಕೆಯೂ 18 ಇಂಚು. ಬಲಗಡೆ ಮೂಲೆಯಿಂದ ಪೂರಾ ಟೈಲ್ಸು ಶುರು ಮಾಡಿದರೆ ಒಂದು ತೂತು ಮೊದಲನೇ ಟೈಲ್ಸಿನ ನಡುವೆ, ಇನ್ನೊಂದು ಎರಡನೇದರ ನಡುವೆ. ಅಂಚಿನ ಹತ್ತಿರ ಕೊರೆದರೆ ಟೈಲ್ಸು ಬಿರಿಯುತ್ತದೆ, ಆ ಚಿಂತೆ ಹೋಯಿತು. ಕಾಂಕ್ರೀಟ್ ಮುಚ್ಚಿಹೋಗುವ ಮೊದಲು ಟೇಪು ಹಿಡಿದು ಫೋಟೋ ತೆಗೆದುಕೊಂಡೆವು. ನೀವೂ ತೆಗೆದುಕೊಳ್ಳಿ.

ಕಾಕಾ ನೆಲದಿಂದ ಶುರು ಮಾಡಲಿಲ್ಲ. ಬಚ್ಚಲದ ನೆಲ ಮೋರಿ ಕಡೆ ಇಳಿಜಾರು, ಅದನ್ನೇ ನಂಬಿದರೆ ಸಾಲೂ ಇಳಿಯುತ್ತದೆ. ರಸಮಟ್ಟ ಹಿಡಿದು ಗೋಡೆಗೆ ಪಟ್ಟಿ ಹೊಡೆದು ಎರಡನೇ ಸಾಲಿನಿಂದ ಮೇಲಕ್ಕೆ ಹೋದರು, ಕೆಳಗಿನ ಸಾಲು ಕೊನೆಗೆ ಕೊಯ್ದು ಕೂಡಿಸಿದರು. ಟೈಲ್ಸು ಮೊದಲೇ ನೀರಲ್ಲಿ ನೆನೆದಿದ್ದವು. ಒಣ ಟೈಲ್ಸು ಸಿಮೆಂಟಿನ ನೀರು ಎಳೆದುಕೊಂಡರೆ ಹಿಡಿತ ಬರೋದಿಲ್ಲ.

ಹಿಡಿಕೆ ಹಾಕಿದ ಮೇಲೆ ಅವ್ವನೇ ಮೊದಲು ಜೋತು ಬಿದ್ದು ನೋಡಿದಳು. ಈಗ ಆಯಿ ಬಾಗಿಲು ಹಾಕಿಕೊಂಡು ಒಬ್ಬಳೇ ಜಳಕ ಮಾಡುತ್ತಾಳೆ. ಐದು ಟೈಲ್ಸು ಡಬ್ಬಿಯ ಸಮೇತ ಅಟ್ಟದ ಮೇಲಿವೆ. ಡಬ್ಬಿ ಎಸೆಯಲಿಲ್ಲ, ಬಣ್ಣದ ನಂಬರು ಅದರ ಮೇಲೆಯೇ ಇರುತ್ತದೆ.