ಉಪ್ಪಿಟ್ಟಿನ ಚೀಲದ ಮೇಲಿನ ಎರಡು ಕೈ

2025ರ ಫೆಬ್ರವರಿಯ ಒಂದು ರಾತ್ರಿ. ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆವು. ಅಮೆರಿಕ ಸರ್ಕಾರ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನು ಮುಚ್ಚುತ್ತಿದೆ ಅನ್ನೋ ಸುದ್ದಿ ಬರುತ್ತಿತ್ತು. ಪತ್ರಿಕೋದ್ಯಮ ಓದಿದವಳಲ್ಲವೇ, ಅವ್ವನಿಗೆ ಬಿಡಿಸಿ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಟಿವಿಯಲ್ಲಿ ಆ ಸಂಸ್ಥೆಯ ಗುರುತು ಬಂತು. ಒಂದನ್ನೊಂದು ಹಿಡಿದುಕೊಂಡ ಎರಡು ಕೈ.

"ಏ, ಈ ಕೈ ನಂಗೊತ್ತು ಕಣೇ," ಅಂದಳು ಅವ್ವ. "ನಮ್ ಇಸ್ಕೂಲಲ್ಲಿ ಉಪ್ಪಿಟ್ಟಿನ ಚೀಲದ ಮ್ಯಾಲೆ ಇದೇ ಇತ್ತು."

ನನ್ನ ಪಾಠ ಅಲ್ಲಿಗೇ ನಿಂತಿತು. ಅವ್ವನ ಪಾಠ ಶುರುವಾಯಿತು.

ಅದು 1970ರ ದಶಕ. ಶಿರಾ ಸೀಮೆಯ ನಮ್ಮೂರ ಶಾಲೆಗೆ ಗೋಧಿ ನುಚ್ಚು, ಹಳದಿ ಬಣ್ಣದ ಹಿಟ್ಟು, ಹಾಲಿನ ಪುಡಿ, ಡಬ್ಬದಲ್ಲಿ ಎಣ್ಣೆ ಬರುತ್ತಿತ್ತಂತೆ. ಬೆಳಗಿನ ಪಾಠ ಮುಗಿಯುವ ಮೊದಲೇ ಉಪ್ಪಿಟ್ಟಿನ ಘಮ. ಕೆಲವರು ಮನೆಯಿಂದ ತಟ್ಟೆ ತರೋರು, ಇಲ್ಲದವರು ಮುತ್ತುಗದ ಎಲೆ. ಖಾಲಿ ಚೀಲಕ್ಕೂ ಕಿತ್ತಾಟ. ಆ ಬಟ್ಟೆಯಲ್ಲಿ ಚಡ್ಡಿ ಹೊಲಿಸಿಕೊಂಡ ಹುಡುಗರು ಎದ್ದು ನಿಂತರೆ ಹಿಂದೆ ಎರಡು ಕೈ ಕಾಣುತ್ತಿದ್ದವು ಅಂತ ಅವ್ವ ಈಗಲೂ ನಗುತ್ತಾಳೆ.

ಆಮೇಲೆ ನಗು ನಿಲ್ಲಿಸಿ ಇನ್ನೊಂದು ಮಾತು ಹೇಳಿದಳು. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ದಸರಾ ರಜೆ ಮುಗಿದ ಮೇಲೆ ಉಪ್ಪಿಟ್ಟು ಮಾಡಲಿಲ್ಲ. ಮಕ್ಕಳು ಕೇಳಿದರೆ ಮೇಷ್ಟ್ರು, "ಮೇಲಿಂದ ಬಂದಿಲ್ಲ ಕಣ್ರೋ," ಅಂದರಂತೆ. ಒಂದು ವಾರ, ಎರಡು ವಾರ, ಒಂದು ತಿಂಗಳು. ಮನೆಯಲ್ಲಿ ಐದು ಜನ ಮಕ್ಕಳು. ಮಧ್ಯಾಹ್ನದ ಒಂದು ಹೊತ್ತು ಶಾಲೆಯಲ್ಲಿ ಕಳೆಯುತ್ತದೆ ಅನ್ನೋ ಧೈರ್ಯದ ಮೇಲೆ ತಾತ ಅವಳನ್ನು ಕಳಿಸುತ್ತಿದ್ದ. ಆ ಧೈರ್ಯ ಹೋಯಿತು. ಕಡ್ಲೆಕಾಯಿ ಹೊಲಕ್ಕೆ ಕರೆದುಕೊಂಡು ಹೋದವನು ಮತ್ತೆ ಶಾಲೆಗೆ ಕಳಿಸಲಿಲ್ಲ.

"ಯಾಕೆ ಬರಲಿಲ್ಲ ಅಂತ ಯಾರನ್ನಾದ್ರೂ ಕೇಳಿದ್ರಾ ಅವ್ವ?"

"ಯಾರನ್ನ ಕೇಳೋದು? ಕೊಟ್ಟಿದ್ದು ಅವರು, ನಿಲ್ಸಿದ್ದೂ ಅವರೇ. ದಾನ ಕೊಡೋನ ಮುಂದೆ ಲೆಕ್ಕ ಕೇಳಕ್ಕಾಗುತ್ತೇನೇ?"

ಆ ಮಾತು ನನ್ನನ್ನು ಬಿಡಲಿಲ್ಲ. ಆ ಎರಡು ಕೈಗಳ ಹಿಂದೆ ಇದ್ದ ಕಾನೂನು ಯಾವುದು ಅಂತ ಹುಡುಕಿಕೊಂಡು ಓದಿದೆ. ಓದಿದ್ದನ್ನು ಅವ್ವನಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ.

ಮೊದಲನೆಯದು ಪಿಎಲ್ 480. ನಿಮ್ಮ ಮನೆಯ ಹಿರಿಯರು ಈ ಹೆಸರು ಕೇಳಿರುತ್ತಾರೆ. ಅದು ಗೋಧಿಯ ತಳಿಯ ಹೆಸರಲ್ಲ, ಕಾನೂನಿನ ನಂಬರು. 1954ರ ಜುಲೈ 10ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅದಕ್ಕೆ ಸಹಿ ಹಾಕಿದರು. ಆಗ ಅಲ್ಲಿನ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು, ಬೆಲೆ ಬಿದ್ದು ಅಲ್ಲಿನ ರೈತರಿಗೆ ಪೆಟ್ಟು ಬೀಳುತ್ತಿತ್ತು. ಹೆಚ್ಚಾದ ಧಾನ್ಯವನ್ನು ಹೊರದೇಶಕ್ಕೆ ಸಾಗಿಸುವುದು, ಮುಂದೆ ಅದಕ್ಕೆ ಮಾರುಕಟ್ಟೆ ಬೆಳೆಸುವುದು, ಇವು ಆ ಕಾನೂನಿನಲ್ಲೇ ಬರೆದಿಟ್ಟ ಉದ್ದೇಶಗಳು. ಹಸಿದವರಿಗೆ ಕೊಡುವುದೂ ಅದರಲ್ಲಿತ್ತು. ಒಂದು ಪಾಲು ಗೋಧಿಯನ್ನು ಭಾರತ ರೂಪಾಯಿ ಕೊಟ್ಟೇ ಕೊಂಡಿತು. ಇನ್ನೊಂದು ಪಾಲು ಕೇರ್‌ನಂಥ ಸ್ವಯಂಸೇವಾ ಸಂಸ್ಥೆಗಳ ಮೂಲಕ ದಾನವಾಗಿ ಶಾಲೆಗಳಿಗೆ ಬಂತು. ನಮ್ಮ ಕಡೆ ಎಷ್ಟೋ ಜನ ಈಗಲೂ 'ಕೇರ್ ಉಪ್ಪಿಟ್ಟು' ಅನ್ನೋದು ಅದಕ್ಕೇ.

ಎರಡನೆಯದು 1961ರ ವಿದೇಶಿ ನೆರವು ಕಾಯ್ದೆ. ಸೆಪ್ಟೆಂಬರ್ 4ರಂದು ಅಧ್ಯಕ್ಷ ಕೆನಡಿ ಸಹಿ ಹಾಕಿದರು. ನವೆಂಬರ್ 3ರಂದು ಹೊರಡಿಸಿದ ಆದೇಶದ ಮೇಲೆ ಯುಎಸ್‌ಏಡ್ ಹುಟ್ಟಿತು. ಆ ಕಾಯ್ದೆಗೆ ಆಮೇಲೆ ಎಷ್ಟೋ ತಿದ್ದುಪಡಿ ಸೇರಿದವು. ಒಳ್ಳೆಯ ಮಾತುಗಳೂ ಇವೆ. ತನ್ನ ಜನರನ್ನೇ ಹಿಂಸಿಸುವ ಸರ್ಕಾರಕ್ಕೆ ಅಭಿವೃದ್ಧಿ ನೆರವು ಕೊಡಬಾರದು, ಆದರೆ ಆ ನೆರವು ನೇರವಾಗಿ ಬಡವರಿಗೆ ತಲುಪುವುದಾದರೆ ಕೊಡಬಹುದು ಅಂತ 1975ರಲ್ಲಿ ಸೇರಿಸಿದರು. ಚೀಲದ ಮೇಲಿನ ಗುರುತಿಗೂ ಕಾನೂನಿನ ಬಲ ಇದೆ. ಈ ಕಾಯ್ದೆಯಡಿ ಹೋಗುವ ನೆರವು 'ಅಮೆರಿಕದ ನೆರವು' ಅಂತ ಹೊರದೇಶದಲ್ಲಿ ಗುರುತಾಗಬೇಕು ಅಂತ ಅದರ 641ನೇ ಕಲಂ ಹೇಳುತ್ತದೆ.

ಹಡಗಿಗೂ ಕಾನೂನು ಇದೆ. ಸರ್ಕಾರ ಕಳಿಸುವ ಆಹಾರದಲ್ಲಿ ಅರ್ಧದಷ್ಟಾದರೂ ಅಮೆರಿಕದ ಬಾವುಟ ಹಾರುವ ಹಡಗುಗಳಲ್ಲೇ ಹೋಗಬೇಕು ಅಂತ 1954ರಲ್ಲೇ ನಿಯಮವಾಯಿತು. ಹಡಗಿನ ಬಾಡಿಗೆ ಹೆಚ್ಚಾದರೂ ಸರಿ.

1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಭಾರತ ಅಣುಬಾಂಬ್ ಪರೀಕ್ಷೆ ಮಾಡಿತಲ್ಲ, ಆಗಲೂ ಅಮೆರಿಕದ ಒಂದು ಕಾನೂನು ತಾನಾಗಿ ಜಾರಿಗೆ ಬಂತು. ಪರೀಕ್ಷೆ ಮಾಡಿದ ದೇಶಕ್ಕೆ ಅಭಿವೃದ್ಧಿ ನೆರವು ನಿಲ್ಲಿಸಬೇಕು ಅಂತ ಅದರಲ್ಲಿತ್ತು. ನಿಲ್ಲಿಸಿದರು. ಆಹಾರ ಮತ್ತು ಮಾನವೀಯ ನೆರವಿಗೆ ಮಾತ್ರ ಅದೇ ಕಾನೂನು ವಿನಾಯಿತಿ ಕೊಟ್ಟಿತ್ತು.

ಇಷ್ಟೆಲ್ಲ ಓದುವಾಗ ನಾನು ಹುಡುಕುತ್ತಿದ್ದುದು ಒಂದೇ. ಆ ತಟ್ಟೆ ಹಿಡಿದು ಕೂತ ಮಗು ಈ ಕಾನೂನಿನಲ್ಲಿ ಎಲ್ಲಿದೆ? ರೈತನ ಮಾತಿದೆ, ಹಡಗಿನ ಮಾತಿದೆ, ಗುರುತಿನ ಮಾತಿದೆ, ಬಾಂಬಿನ ಮಾತೂ ಇದೆ. ಮಗುವಿನ ಹೊಟ್ಟೆಯ ಮಾತೂ ಇದೆ, ಆದರೆ ದಾನದ ಗುರಿಯಾಗಿ. ಉಪ್ಪಿಟ್ಟು ನಿಂತರೆ ಯಾಕೆ ಅಂತ ಕೇಳುವ ಹಕ್ಕು ಆ ಮಗುವಿಗೆ ಇಲ್ಲ. ಅದನ್ನು ತಪ್ಪು ಅಂತಲೂ ಹೇಳಲಾರೆ. ಒಂದು ದೇಶದ ಸಂಸತ್ತು ತನ್ನ ಜನರ ತೆರಿಗೆ ದುಡ್ಡಿಗೆ ಕಾನೂನು ಮಾಡುವಾಗ ಉತ್ತರ ಕೊಡಬೇಕಾದ್ದು ತನ್ನ ಮತದಾರರಿಗೆ. ಶಿರಾ ಸೀಮೆಯ ಹುಡುಗಿ ಅವರ ಮತದಾರಳಲ್ಲ.

2025ರಲ್ಲೂ ಆದದ್ದು ಅದೇ. ಜನವರಿ 20ರಂದು ಅಧ್ಯಕ್ಷ ಟ್ರಂಪ್ ವಿದೇಶಿ ಅಭಿವೃದ್ಧಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಮಾರ್ಚ್ ಹೊತ್ತಿಗೆ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮ ರದ್ದು ಅಂತ ಅಲ್ಲಿನ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಪ್ರಕಟಿಸಿದರು. ಜುಲೈ 1ಕ್ಕೆ ಉಳಿದ ಕೆಲಸ ವಿದೇಶಾಂಗ ಇಲಾಖೆಗೆ ಸೇರಿತು. ಇಂಥ ಸಂಸ್ಥೆಯೊಂದು ಇದೆ ಅಂತ ಸಂಸತ್ತೇ 1998ರಲ್ಲಿ ಕಾನೂನಿನಲ್ಲಿ ಬರೆದಿದೆ, ಅಧ್ಯಕ್ಷರೊಬ್ಬರೇ ಅದನ್ನು ಮುಚ್ಚಬಹುದೇ ಅಂತ ಕೋರ್ಟುಗಳಲ್ಲಿ ವಾದ ನಡೆಯಿತು. ಆ ಕೋರ್ಟುಗಳಿಗೆ ಹೋದವರು ಯಾರು? ಅಲ್ಲಿನ ನೌಕರರ ಸಂಘಗಳು, ಗುತ್ತಿಗೆ ಪಡೆದ ಕಂಪನಿಗಳು, ಅನುದಾನ ಪಡೆದ ಸಂಸ್ಥೆಗಳು. ಆಫ್ರಿಕಾದ ಯಾವುದೋ ಹಳ್ಳಿಯಲ್ಲಿ ಎಚ್‌ಐವಿ ಮಾತ್ರೆಗೆ ಕಾದು ಕೂತ ತಾಯಿಯ ಹೆಸರಲ್ಲಿ ಗುತ್ತಿಗೆಯೂ ಇಲ್ಲ, ಹುದ್ದೆಯೂ ಇಲ್ಲ. ಅವಳಿಗೆ ಸಿಗೋದು ನಮ್ಮ ಮೇಷ್ಟ್ರು ಕೊಟ್ಟ ಉತ್ತರವೇ: ಮೇಲಿಂದ ಬಂದಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅವ್ವ ಹದಿನಾರು ವರ್ಷದಿಂದ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಾಳೆ. ಅವಳು ಬೇಯಿಸುವ ಅನ್ನಕ್ಕೆ ಬೇರೆ ಕಾನೂನು ಇದೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಬೇಕು ಅಂತ ಆದೇಶಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಎಂಟನೇ ಕ್ಲಾಸಿನವರೆಗಿನ ಮಕ್ಕಳ ಹಕ್ಕು ಮಾಡಿತು. 2015ರ ನಿಯಮ ಇನ್ನೂ ಖಚಿತ. ಊಟ ಕೊಡದ ದಿನಕ್ಕೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಯಾರ ಹೊಣೆ ಅಂತ ರಾಜ್ಯ ಸರ್ಕಾರ ಗೊತ್ತುಮಾಡಬೇಕು.

ನಮ್ಮಲ್ಲಿ ಎಲ್ಲವೂ ಸರಿ ಇದೆ ಅಂತ ಇದನ್ನು ಹೇಳುತ್ತಿಲ್ಲ. ಬೇಳೆ ತಡವಾಗುವುದು, ಗ್ಯಾಸ್ ಮುಗಿಯುವುದು ನಮಗೂ ಗೊತ್ತು. ಆದರೆ ಈಗ ಊಟ ನಿಂತರೆ ಕೇಳುವುದಕ್ಕೆ ಒಂದು ಜಾಗ ಇದೆ, ತೋರಿಸುವುದಕ್ಕೆ ಒಂದು ಕಲಂ ಇದೆ. ನಿಮ್ಮೂರ ಶಾಲೆಯಲ್ಲಿ ಮೂರು ದಿನ ಒಲೆ ಹಚ್ಚದಿದ್ದರೆ ದಿನಾಂಕ ಬರೆದಿಟ್ಟುಕೊಳ್ಳಿ. ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ, ಆಮೇಲೆ ತಾಲ್ಲೂಕು ಪಂಚಾಯ್ತಿಗೆ ಅರ್ಜಿ ಕೊಡಿ. ಅದು ದಯೆ ಬೇಡುವ ಅರ್ಜಿ ಅಲ್ಲ.

ಈ 2015ರ ನಿಯಮವನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಮೂರು ದಿನಾನಾ? ನಮಗೆ ಒಂದು ತಿಂಗಳಾದ್ರೂ ಯಾರೂ ತಿರುಗಿ ನೋಡ್ಲಿಲ್ಲ," ಅಂದಳು.

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು. "ಅದರಲ್ಲಿ ನಮ್ ವಿಷಯ ಏನಾದ್ರೂ ಬರ್ದವ್ರಾ? ಅಡುಗೆ ಮಾಡೋರ್ದು?"

ಅವ್ವನಿಗೆ ಬರುವುದು ಸಂಬಳ ಅಲ್ಲ, ಗೌರವ ಸಂಭಾವನೆ. ಮುಂದಿನ ವರ್ಷ ಅರವತ್ತು ತುಂಬುತ್ತದೆ, ಕೆಲಸದಿಂದ ಬಿಡಿಸುತ್ತಾರೆ. ಮಕ್ಕಳ ಊಟಕ್ಕೆ ಹಕ್ಕು ಅಂತ ಹೆಸರು ಬಂದಿದೆ. ಅದನ್ನು ಬೇಯಿಸುವವಳ ಕೂಲಿಗೆ ಮಾತ್ರ ಇನ್ನೂ ದಕ್ಷಿಣೆಯ ಹೆಸರು.

"ನಿಮ್ ಬಗ್ಗೆ ಆ ಥರ ಬರ್ದಿಲ್ಲ ಅವ್ವ," ಅಂದೆ.

"ಹಂಗಾದ್ರೆ ನೀನು ಬರಿ," ಅಂದು ಮತ್ತೆ ಅಕ್ಕಿ ಆರಿಸತೊಡಗಿದಳು.

ಅದಕ್ಕೇ ಇದನ್ನು ಬರೆದೆ.