ನೀಲಗಿರಿಗೆ ಹೊರಡುವ ಮುನ್ನ

ಕಳೆದ ವರ್ಷ ನಮ್ಮ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಪ್ರಸಾದಕ್ಕೆ ಕುಳಿತಿದ್ದಾಗ ಯಾರೋ ಹಳೆಯ ಛಾಯಾಚಿತ್ರವೊಂದನ್ನು ಪಂಕ್ತಿಯುದ್ದಕ್ಕೂ ಕೈಯಿಂದ ಕೈಗೆ ದಾಟಿಸಿದರು. 1974ರಲ್ಲಿ ಪ್ರಸಾದನಿಲಯದ ಹುಡುಗರು ಉದಕಮಂಡಲಕ್ಕೆ ಪ್ರವಾಸ ಹೋದಾಗ ಅಲ್ಲಿನ ಸಸ್ಯೋದ್ಯಾನದ ಹುಲ್ಲುಹಾಸಿನ ಮೇಲೆ ತೆಗೆಸಿದ ಚಿತ್ರ. ಒಬ್ಬೊಬ್ಬರೂ ತಮ್ಮ ತಮ್ಮ ಮುಖವನ್ನು ಹುಡುಕಿ ನಕ್ಕರು. ಚಿತ್ರವು ನನ್ನ ಪಕ್ಕದಲ್ಲಿದ್ದ ಗೆಳೆಯನ ಕೈಗೆ ಬಂದಿತು. ಆತ ಅದನ್ನು ಬಹಳ ಹೊತ್ತು ನೋಡಿ, "ಇದರಲ್ಲಿ ನಾನಿಲ್ಲ" ಎಂದಷ್ಟೇ ಹೇಳಿ ನನಗೆ ದಾಟಿಸಿದ.

ಆತ ಅದರಲ್ಲಿ ಇಲ್ಲದಿರುವುದಕ್ಕೆ ಕಾರಣ ನಾನು. ಮೂರನೆಯ ವರ್ಷದಲ್ಲಿ ಬಂದ ಪೋಲಿಯೋ ಆತನ ಎರಡು ಕಾಲುಗಳ ಶಕ್ತಿಯನ್ನೂ ಹೀರಿಬಿಟ್ಟಿತ್ತು. ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಕೋಲೂರಿ, ನಿಲಯದಿಂದ ಶಾಲೆಗೆ ನಮಗಿಂತ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದ. ಪ್ರವಾಸಕ್ಕೆ ಹೊರಡುವವರ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆತನ ಹೆಸರು ಬಂದಾಗ, "ಬೆಟ್ಟದ ಊರು. ಅವನನ್ನು ಹೊತ್ತು ತಿರುಗುವವರು ಯಾರು?" ಎಂದೆ. ಯಾರೂ ಎದುರಾಡಲಿಲ್ಲ. ಹಿಂತಿರುಗಿ ಬಂದಾಗ ಆತನಿಗೆಂದು ನೀಲಗಿರಿ ಎಣ್ಣೆಯ ಸಣ್ಣ ಸೀಸೆಯೊಂದನ್ನು ತಂದುಕೊಟ್ಟೆ. ತೆಗೆದುಕೊಂಡ, ಮಾತನಾಡಲಿಲ್ಲ.

ಸಮಾವೇಶದ ದಿನ ಸಂಜೆ, ಇಬ್ಬರೂ ಹೋಗೋಣವೇ ಎಂದು ಕೇಳಿದೆ. ಆತ ಸ್ವಲ್ಪ ಯೋಚಿಸಿ, "ಹೋಗೋಣ. ಆದರೆ ಒಂದೇ ಷರತ್ತು. ಯಾರೂ ನನ್ನನ್ನು ಹೊರಕೂಡದು" ಎಂದ. ಅಂದು ಆ ಕೊಠಡಿಯ ಕಿಟಕಿ ತೆರೆದಿತ್ತೆಂಬುದು ಐವತ್ತು ವರ್ಷಗಳ ಮೇಲೆ ನನಗೆ ತಿಳಿಯಿತು.

ಈಗ ಆತನಿಗೆ ಕೋಲು ಸಾಲದು. ಬಾಲ್ಯದಲ್ಲಿ ಪೋಲಿಯೋ ಬಂದವರಲ್ಲಿ ಅನೇಕರಿಗೆ ಹಲವು ದಶಕಗಳ ಅನಂತರ ಉಳಿದ ಸ್ನಾಯುಗಳೂ ಸೋಲತೊಡಗುತ್ತವೆಯಂತೆ. ಆತನಿಗೂ ಹಾಗೆಯೇ ಆಗಿ ಹತ್ತು ವರ್ಷಗಳಿಂದ ಗಾಲಿಕುರ್ಚಿಯೇ ಆಧಾರ. ನಮ್ಮ ದೇಶದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತವನ್ನು ಪೋಲಿಯೋಮುಕ್ತವೆಂದು ಸಾರಲಾಯಿತು. ರೋಗ ಹೋಯಿತು, ರೋಗ ಮುಟ್ಟಿದವರು ನಮ್ಮ ನಡುವೆ ಇನ್ನೂ ಇದ್ದಾರೆ ಎಂಬುದನ್ನು ನಾವು ಬೇಗನೆ ಮರೆತೆವು.

ಸಿದ್ಧತೆಯ ಮೊದಲ ಪಾಠವನ್ನು ಆತ ತನ್ನ ಮನೆಯ ಮುಂದೆಯೇ ಮಾಡಿದ. "ನೀನು ಇದರಲ್ಲಿ ಕುಳಿತು ಆ ಮೂಲೆಯ ಅಂಗಡಿಯಿಂದ ಒಂದು ಬೆಂಕಿಪೊಟ್ಟಣ ತಾ" ಎಂದ. ಇನ್ನೂರು ಗಜದ ದಾರಿ. ಆ ಬೀದಿಯಲ್ಲಿ ನಾನು ಸಾವಿರ ಬಾರಿ ನಡೆದಿರಬೇಕು. ಅದು ಒಂದು ಪಕ್ಕಕ್ಕೆ ವಾಲಿಕೊಂಡಿದೆ ಎಂಬುದು ಅಂದು ತಿಳಿಯಿತು. ಕುರ್ಚಿ ಚರಂಡಿಯ ಕಡೆಗೇ ಎಳೆಯುತ್ತಿತ್ತು. ಕಾಲುದಾರಿಯ ಅಂಚು ಎಂಟು ಅಂಗುಲ ಎತ್ತರ. ಹತ್ತಿದರೂ ಮುಂದೆ ವಿದ್ಯುತ್ ಕಂಬ. ಅಂಗಡಿ ತಲುಪಿದಾಗ ಅಂಗಡಿಯಾತ ನನ್ನನ್ನು ಮಾತನಾಡಿಸದೆ, ಹಿಂದೆ ಬರುತ್ತಿದ್ದ ನನ್ನ ಮೊಮ್ಮಗನನ್ನು, "ತಾತನಿಗೆ ಏನು ಬೇಕಂತೆ?" ಎಂದು ಕೇಳಿದ. ನನಗೆ ಕೋಪ ಬಂದಿತು. ಮನೆಗೆ ಬಂದು ಹೇಳಿದಾಗ ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಅಂಗೈಯಲ್ಲಿ ಎರಡು ಬೊಕ್ಕೆಗಳೆದ್ದಿದ್ದವು.

ಬಳಿಕ ವಸತಿಗೃಹಗಳಿಗೆ ದೂರವಾಣಿ ಮಾಡತೊಡಗಿದೆ. ಉದಕಮಂಡಲದಲ್ಲಿ ಕನ್ನಡ ಬಲ್ಲವರು ಬೇಕಾದಷ್ಟು ಮಂದಿ. ಬಡಗರ ಮಾತಂತೂ ನಮಗೆ ಮುಕ್ಕಾಲುಪಾಲು ತಿಳಿಯುತ್ತದೆ. ಆದ್ದರಿಂದ ಭಾಷೆಯ ತೊಡಕಿರಲಿಲ್ಲ. "ಮೆಟ್ಟಿಲುಗಳಿವೆಯೇ?" ಎಂದರೆ, "ಇಲ್ಲವೇ ಇಲ್ಲ ಸ್ವಾಮಿ" ಎಂಬ ಉತ್ತರ. ಇನ್ನೊಮ್ಮೆ ಒತ್ತಿ ಕೇಳಿದರೆ, "ಮೂರೇ ಮೂರು." ಕಾಲುಳ್ಳವರಿಗೆ ಮೂರು ಮೆಟ್ಟಿಲು ಮೆಟ್ಟಿಲೆನಿಸುವುದಿಲ್ಲ. ಒಬ್ಬಾತ ತಮ್ಮಲ್ಲಿ ಇಳಿಜಾರು ಹಾದಿಯೂ ಉಂಟೆಂದು ಹೆಮ್ಮೆಯಿಂದ ಹೇಳಿದ. ಆಮೇಲೆ ಹೋಗಿ ನೋಡಿದರೆ ಅದು ಪೆಟ್ಟಿಗೆಗಳ ಬಂಡಿ ಏರಿಸುವ ಹಲಗೆ. ಹದಿನೆಂಟು ಅಂಗುಲದ ಏರಿಗೆ ಐದೇ ಅಡಿ ಉದ್ದ! ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದ ಬೇಕೆಂಬುದು ನಮ್ಮ ಸರ್ಕಾರದ ಮಾರ್ಗಸೂಚಿ. ಆ ಲೆಕ್ಕದಲ್ಲಿ ಅಲ್ಲಿ ಹದಿನೆಂಟು ಅಡಿ ಇರಬೇಕಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಬಂದ ಮೇಲೂ ಹಲಗೆಗಳು ಹಲಗೆಗಳಾಗಿಯೇ ಇವೆ.

ಹೇಳಿದ್ದನ್ನು ನಂಬಿ ಹೋಗುವುದು ಬೇಡವೆಂದು ಫೆಬ್ರವರಿಯಲ್ಲಿ ನಾನೊಬ್ಬನೇ ಅಳತೆಪಟ್ಟಿಯೊಂದಿಗೆ ಹೊರಟೆ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಹಾದು ಹೋಗುವ ದಾರಿಯೇ ಮೇಲು. ಮಸಿನಗುಡಿಯ ಕಡೆಯಿಂದ ಹತ್ತಿರವಾದರೂ ಕಲ್ಹಟ್ಟಿ ಘಾಟಿನಲ್ಲಿ ಮೂವತ್ತಾರು ಕಡಿದಾದ ತಿರುವುಗಳು. ಕಾಲೂರಿ ದೇಹವನ್ನು ಬಿಗಿಹಿಡಿಯಲಾಗದವನಿಗೆ ಒಂದೊಂದು ತಿರುವೂ ಒಂದೊಂದು ಬೀಳುವಿಕೆ. ಬಂಡೀಪುರದ ಕಾಡುದಾರಿಯನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚುತ್ತಾರೆ. 2024ರ ಮೇ ತಿಂಗಳಿನಿಂದ ಹೊರಗಿನ ವಾಹನಗಳಿಗೆ ಮುಂಗಡ ಅನುಮತಿಪತ್ರದ ವ್ಯವಸ್ಥೆಯೂ ಬಂದಿದೆ. ಇವೆಲ್ಲ ಸಣ್ಣ ಸಂಗತಿಗಳು. ದೊಡ್ಡ ಸಂಗತಿಯನ್ನು ಗೆಳೆಯನೇ ಹೇಳಬೇಕಾಯಿತು: ಪ್ರಯಾಣದ ಹಿಂದಿನ ಸಂಜೆಯಿಂದಲೇ ಆತ ನೀರು ಕುಡಿಯುವುದನ್ನು ಬಿಡುತ್ತಾನಂತೆ. ದಾರಿಯಲ್ಲಿ ಕುರ್ಚಿ ನುಗ್ಗುವಂಥ ಶೌಚಾಲಯ ಸಿಗುವುದಿಲ್ಲವಲ್ಲ! ನಲವತ್ತು ವರ್ಷ ಬ್ಯಾಂಕಿನ ಕೆಲಸದಲ್ಲಿ ಊರೂರು ತಿರುಗಿದ್ದೂ ಹೀಗೆಯೇ, ಒಣಗಿದ ಗಂಟಲಿನಲ್ಲಿ. ನಮ್ಮ ಗಾಡಿ ಎಲ್ಲೆಲ್ಲಿ ನಿಲ್ಲಬೇಕೆಂಬುದನ್ನು ನಾನು ನಿರ್ಧರಿಸಿದ್ದು ಶೌಚಾಲಯದ ಬಾಗಿಲುಗಳನ್ನು ಅಳೆದು. ಕುರ್ಚಿಯ ಅಗಲ ಇಪ್ಪತ್ತಾರು ಅಂಗುಲ. ಬಹುಪಾಲು ಬಾಗಿಲುಗಳು ಇಪ್ಪತ್ತನಾಲ್ಕು.

ಬೆಟ್ಟದ ರೈಲಿನ ಆಸೆ ಇಬ್ಬರಿಗೂ ಇತ್ತು. ಮೆಟ್ಟುಪಾಳೆಯದಿಂದ ಕೂನೂರಿನವರೆಗೆ 1899ರಲ್ಲಿ, ಉದಕಮಂಡಲದವರೆಗೆ 1908ರಲ್ಲಿ ಬಂದ ಈ ದಾರಿ 2005ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಚಕ್ರವನ್ನು ಅದಕ್ಕೆ ಕಚ್ಚಿಸಿ ಗಾಡಿಯನ್ನು ಏರಿಸುತ್ತಾರೆ. ಅಲ್ಲಿನ ಅತಿ ಕಡಿದಾದ ಏರು ಎಷ್ಟು ಗೊತ್ತೇ? ಸುಮಾರು ಹನ್ನೆರಡೂಕಾಲು ಅಡಿಗೆ ಒಂದಡಿ. ಉಗಿಯಂತ್ರವೂ ಹಲ್ಲೂರಿಕೊಂಡು ಹತ್ತಬೇಕಾದ ಏರಿನಷ್ಟನ್ನೇ ಗಾಲಿಕುರ್ಚಿಯವನ ಎರಡು ತೋಳುಗಳಿಗೆ ಸಾಕಷ್ಟು ಸೌಮ್ಯವಾದದ್ದೆಂದು ಮಾರ್ಗಸೂಚಿ ಬಿಟ್ಟಿದೆ! ಇಳಿಜಾರು ಗಿಡ್ಡವಾದುದರಿಂದ ಸಾಧ್ಯವಾಗುತ್ತದೆ, ನಿಜ; ಆದರೂ ಅಂದಿನಿಂದ ಆತನ ತೋಳುಗಳನ್ನು ನಾನು ಬೇರೆಯಾಗಿ ನೋಡುತ್ತೇನೆ. ರೈಲಿನ ಪೆಟ್ಟಿಗೆಗಳ ಬಾಗಿಲೋ ಬಹಳ ಕಿರಿದು, ಹತ್ತುವುದೂ ಎತ್ತರ. ಯಾರಾದರೂ ಎತ್ತದೆ ಆಗದು. ಷರತ್ತು ಷರತ್ತೇ. ರೈಲನ್ನು ಕೈಬಿಟ್ಟೆವು, ಕೂನೂರಿನ ನಿಲ್ದಾಣದಲ್ಲಿ ಅದು ಬರುವುದನ್ನು ನೋಡುತ್ತೇವೆ.

ಕೆರೆಯ ವಿಷಯವೂ ಹಾಗೆಯೇ ಆಯಿತು. ಉದಕಮಂಡಲದ ಕೆರೆ ತಾನಾಗಿ ಹುಟ್ಟಿದ್ದಲ್ಲ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಕಣಿವೆಯ ತೊರೆಗಳಿಗೆ ಕಟ್ಟೆ ಹಾಕಿಸಿ ಮಾಡಿಸಿದ್ದು. ನಾನು ದೋಣಿಕಟ್ಟೆಯಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಓಲಾಡುವ ದೋಣಿಗೆ ಕುರ್ಚಿಯಿಂದ ತಾನೇ ಜಾರಿಕೊಳ್ಳುವುದು ಆತನಿಗೆ ಸಾಧ್ಯವಿಲ್ಲ. ಇದನ್ನು ಹೇಗೆ ಹೇಳುವುದೆಂದು ಅಳುಕುತ್ತ ಬಂದು ಹೇಳಿದೆ. ಆತ ಒಡನೆಯೇ, "ನೀನು ದೋಣಿಯಲ್ಲಿ ಒಂದು ಸುತ್ತು ಹೋಗಿ ಬಾ. ನಾನು ದಡದಲ್ಲಿರುತ್ತೇನೆ. ನಿನ್ನನ್ನು ದೂರದಿಂದ ನೋಡುವ ಅಭ್ಯಾಸ ನನಗಿದೆ" ಎಂದ. ನಗುತ್ತಲೇ ಹೇಳಿದ. ನಾನು ನಗಲಿಲ್ಲ. ದೋಣಿ ಹತ್ತುವುದಿಲ್ಲವೆಂದು ಹೇಳಿದೆ. "ಹತ್ತದಿದ್ದರೆ ನನಗೇನು ಲಾಭ?" ಎಂದು ಕೇಳಿದ. ಈ ವಾದ ಇನ್ನೂ ಮುಗಿದಿಲ್ಲ.

ಆದರೆ ಸಿಕ್ಕಿದ್ದೂ ಕಡಿಮೆಯಲ್ಲ. 1848ರಷ್ಟು ಹಳೆಯದಾದ ಸಸ್ಯೋದ್ಯಾನ ಗುಡ್ಡದ ಮೇಲೆ ಹಂತಹಂತವಾಗಿ ಏರಿದ್ದರೂ ಅದರ ಕೆಳಭಾಗದ ಹುಲ್ಲುಹಾಸು ವಿಶಾಲ. ಆ ಛಾಯಾಚಿತ್ರ ತೆಗೆದದ್ದೂ ಅಲ್ಲಿಯೇ. 2637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ವಾಹನದ ದಾರಿಯಿದೆ. ಎಮರಾಲ್ಡ್ ಜಲಾಶಯದ ನೀರು ರಸ್ತೆಯ ಅಂಚಿನಿಂದಲೇ ಕಾಣುತ್ತದೆ. ಅಲ್ಲಿ ಟಿಕೆಟ್ಟೂ ಇಲ್ಲ, ಮೆಟ್ಟಿಲೂ ಇಲ್ಲ. ಏಳನೆಯ ವಸತಿಗೃಹದಲ್ಲಿ ಬಚ್ಚಲಿನ ಬಾಗಿಲು ಮೂವತ್ತೆರಡು ಅಂಗುಲವಿತ್ತು. ಪಟ್ಟಿಯನ್ನು ಎರಡು ಸಲ ಹಿಡಿದು ನೋಡಿದೆ. ಅಲ್ಲಿಯ ಮುದುಕ ಮೇಟಿ, "ನನ್ನ ಹೆಂಡತಿಗೂ ಕಾಲಿರಲಿಲ್ಲ ಸ್ವಾಮಿ, ಯಜಮಾನರಿಗೆ ಹೇಳಿ ಒಡೆಸಿದೆ" ಎಂದ.

ಮೇ ತಿಂಗಳ ನೂಕುನುಗ್ಗಲು ಬೇಡ, ಮಳೆಗಾಲದ ಜಾರಿಕೆ ಬೇಡ, ಡಿಸೆಂಬರ್-ಜನವರಿಯ ಹೆಪ್ಪುಗಟ್ಟಿಸುವ ಚಳಿ ಆತನ ಕಾಲುಗಳಿಗೆ ಖಂಡಿತ ಬೇಡ ಎಂದು ಮಾರ್ಚ್ ಎರಡನೆಯ ವಾರವನ್ನು ಆರಿಸಿದ್ದೇವೆ. ಕೊಂಡೊಯ್ಯಬೇಕಾದ ವಸ್ತುಗಳ ಪಟ್ಟಿಯನ್ನು ಈ ಬಾರಿ ನಾನು ಬರೆಯಲಿಲ್ಲ, ಆತನೇ ಬರೆದ. ಗಾಳಿ ತುಂಬುವ ಪಂಪು, ಎರಡು ಉಣ್ಣೆಯ ಕಂಬಳಿ, ಮಡಚುವ ಹಲಗೆ, ನೀರಿನ ಸ್ಟೀಲ್ ಬಾಟಲಿ ಎರಡು. ಕೊನೆಯ ಸಾಲಿನಲ್ಲಿ ಹೀಗಿದೆ: ನೀಲಗಿರಿ ಎಣ್ಣೆ, ಒಂದು ಸೀಸೆ, ಅಲ್ಲಿಯೇ ಕೊಳ್ಳುವುದು, ನಾನೇ.